ಎಡಗಡೆ ಹಿಂದಿನ ಮೂಲೆ

ನನ್ನ ಸೋದರಮಾವ ಶಿವಕಾಂತ ಅವರಿಗೆ ಗಾಡಿ ಓಡಿಸಲು ಬರುತ್ತದೆ, ಆದರೆ ಓಡಿಸುವ ಹಾಗಿಲ್ಲ. ಹರೆಯದಲ್ಲಿ ಹುಮನಾಬಾದಿನಲ್ಲಿ ಬಾಡಿಗೆಯ ಪಿಕಪ್ ಓಡಿಸುತ್ತಿದ್ದರು. ಒಂದು ಮಧ್ಯಾಹ್ನ ಸ್ಟೀರಿಂಗ್ ಹಿಡಿದು ಕೂತಲ್ಲೇ ಮೂರ್ಛೆ ಬಂತು. ಗಾಡಿ ನಿಂತಿತ್ತು, ಅದೊಂದೇ ಪುಣ್ಯ. ಡಾಕ್ಟರು ಗುಳಿಗೆ ಬರೆದುಕೊಟ್ಟು, "ಇನ್ಮ್ಯಾಲ ಸ್ಟೀರಿಂಗ್ ಮುಟ್ಟಬ್ಯಾಡ್ರಿ" ಅಂದರು. ಅವತ್ತಿನಿಂದ ಮುಟ್ಟಿಲ್ಲ. ಗೊತ್ತಾಗಿದ್ದ ಮದುವೆಯೂ ಅದರ ಹಿಂದೆಯೇ ಮುರಿಯಿತು. ಹೆಣ್ಣಿನ ಕಡೆಯವರು ಒಳ್ಳೆಯ ಮಾತಾಡಿಯೇ ಬ್ಯಾಡ ಅಂದರು ಎಂದು ನಮ್ಮವ್ವ ಈಗಲೂ ಹೇಳುತ್ತಾಳೆ, ಒಳ್ಳೆಯ ಮಾತಾಡಿದ್ದೇ ದೊಡ್ಡದು ಅನ್ನುವ ಹಾಗೆ.

ಊರಲ್ಲಿ ಇರಲಾಗದೆ ನಾಸಿಕಕ್ಕೆ ಬಂದವರು ಹತ್ತಿರದ ಪಿಂಪಳಗಾಂವ್ ಬಸವಂತದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಸೇರಿದರು. ಉಳ್ಳಾಗಡ್ಡಿ, ದ್ರಾಕ್ಷಿ ಹೇರಿಕೊಂಡು ಹೋಗುವ ಪಿಕಪ್‌ಗಳನ್ನು ಪಾಳಿಗೆ ನಿಲ್ಲಿಸುವುದು, ಯಾವ ಗಾಡಿ ಎಲ್ಲಿಗೆ ಎಂದು ಕೂಗುವುದು ಅವರ ಕೆಲಸ. ನಮ್ಮ ಮನೆಯವರಿಗೆ ಬ್ಯಾಂಕಿನಿಂದ ನಾಸಿಕಕ್ಕೆ ವರ್ಗವಾದಾಗ ಪಂಚವಟಿಯಲ್ಲಿ ಮನೆ ನೋಡಿಕೊಟ್ಟವರೂ ಅವರೇ. ಕೆಳಗಿನ ಒಂದು ಕೋಣೆ ಅವರದು, ಮೇಲಿನ ಎರಡು ನಮ್ಮವು. ನಾನು ಅವರಿಗೆ ಊಟ ಕಳಿಸುತ್ತೇನೆ, ಅವರು ನನ್ನ ಮಗಳು ಶರ್ವಾಣಿಯನ್ನು ಸಂಜೆ ಒಂದಿಷ್ಟು ಹೊತ್ತು ಆಡಿಸುತ್ತಾರೆ. ಆ ಹೊತ್ತಿನಲ್ಲೇ ನನ್ನ ಅರ್ಧ ಅಡಿಗೆ ಮುಗಿಯುವುದು.

ಆ ಕೋಣೆಯಲ್ಲಿ ಮಂಚಕ್ಕಿಂತ ದೊಡ್ಡದು ಮೇಜು. ಮೇಜಿನ ತುಂಬ ಪಿಕಪ್‌ಗಳು. ಅಸಲಿ ಗಾಡಿಯನ್ನು ಇಪ್ಪತ್ನಾಲ್ಕು ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ಉದ್ದ, ಅಂದರೆ ಗೇಣಿಗೆ ಚೂರು ಕಮ್ಮಿ. ಬೋರ್ಡ್ ಬರೆಯುವ ಅಂಗಡಿಯವರು ಬಿಸಾಡಿದ ಪ್ಲಾಸ್ಟಿಕ್ ಹಾಳೆ ಕೊಯ್ದು ಬಾಡಿ, ಹಳೆ ಚಪ್ಪಲಿಯ ರಬ್ಬರಿನಿಂದ ಟೈರು, ಹರಿದ ಚಹಾ ಸೋಸುವ ಜಾಳಿಗೆಯಿಂದ ಮುಂದಿನ ಜಾಲರಿ, ಪೆನ್ನಿನ ಖಾಲಿ ಕಡ್ಡಿಯಿಂದ ಹೊಗೆ ಕೊಳವೆ. ಹೆಡ್‌ಲೈಟಿಗೆ ಮಾತ್ರ ಅವರದೇ ಒಂದು ಉಪಾಯ. ದಿನಾ ನುಂಗುವ ಮೂರ್ಛೆ ಗುಳಿಗೆಯ ಪಟ್ಟಿಯಲ್ಲಿ ಪ್ರತಿ ಗುಳಿಗೆಯ ಮೇಲೂ ಒಂದು ಗಾಜಿನಂಥ ಗುಳ್ಳೆ ಇರುತ್ತದಲ್ಲ, ಅದನ್ನು ಕತ್ತರಿಸಿ ಅಂಟಿಸಿದರೆ ಥೇಟ್ ಹೆಡ್‌ಲೈಟು. ಖಾಲಿ ಪಟ್ಟಿಗಳನ್ನು ಹಾಕಲು ಒಂದು ಬಿಸ್ಕಿಟ್ ಡಬ್ಬಿ. ಕೊನೆಯ ಗುಳಿಗೆ ನುಂಗಿದ ಕೂಡಲೇ ಪಟ್ಟಿಯನ್ನು ಡಬ್ಬಿಗೆ ಹಾಕುವ ಕೆಲಸ ಶರ್ವಾಣಿಯದು. "ಗಾಡಿ ಆಜೋಬಾ, ಲೈಟ್!" ಅಂತ ಕೈಚಾಚಿ ನಿಲ್ಲುತ್ತಿದ್ದಳು. ಓಣಿಯ ಮಕ್ಕಳಿಂದ ಕಲಿತ ಮರಾಠಿ, ಅಜ್ಜನಿಗೆ ಆಜೋಬಾ.

ಆದರೆ ಇಂಥ ಆಟಿಕೆ ಅಂಗಡಿಯಲ್ಲೂ ಸಿಗುತ್ತದೆ. ಮಾಮಾ ಮಾಡುತ್ತಿದ್ದದ್ದು ಬೇರೆ. ಅವರು ಯಾರದೋ ಒಬ್ಬರ ಗಾಡಿಯನ್ನೇ ಮಾಡುತ್ತಿದ್ದರು. ಅದರ ನಂಬರು, ಹಿಂಬದಿ ಬರೆಸಿದ ಮಕ್ಕಳ ಹೆಸರು, ಕನ್ನಡಿಗೆ ಕಟ್ಟಿದ ಗೊಂಡೆ, ನೇತುಬಿಟ್ಟ ಕರಿ ಚಪ್ಪಲಿ, ಮತ್ತೆ ಆ ಗಾಡಿಗೆ ಬಿದ್ದ ಪೆಟ್ಟುಗಳು. ಎಲ್ಲಿ ತಗ್ಗು ಬಿದ್ದಿದೆ, ಎಲ್ಲಿ ಬಣ್ಣ ಕಿತ್ತು ತುಕ್ಕು ಎದ್ದಿದೆ, ಅಷ್ಟೂ. ಮೊಳೆಗಳನ್ನು ಹುಣಸೆನೀರಿನಲ್ಲಿ ನೆನೆಹಾಕಿ ತುಕ್ಕಿನ ಬಣ್ಣ ಮಾಡಿಕೊಳ್ಳುತ್ತಿದ್ದರು. ನನ್ನ ಹುಣಸೆಹಣ್ಣು ಖರ್ಚಾಗುತ್ತದೆಂದು ನಾನು ಬೈದರೆ, "ಸಾರಿಗಿ ಹುಳಿ ಕಮ್ಮಿ ಹಾಕವ್ವ, ಗಾಡಿಗಿ ಬೇಕಾಗ್ಯದ" ಅನ್ನುತ್ತಿದ್ದರು.

"ಪೆಟ್ಟು ಯಾಕ ತೋರಸ್ತೀರಿ ಮಾಮಾ? ಚಂದ ಮಾಡಿ ಕೊಡ್ರಲ್ಲ."

"ಶೋರೂಮಿನ್ಯಾಗ ನಿಂತಾಗ ಎಲ್ಲಾ ಗಾಡಿ ಒಂದೇ ಅದಾವ ನೀರೂ. ಪೆಟ್ಟು ಬಿದ್ದ ಮ್ಯಾಲ ಅದಕ್ಕೊಂದು ಮುಖ ಬರತದ."

ಹಳೆ ಗಾಡಿ ಮಾರುವ ಡ್ರೈವರುಗಳು ಅವರ ಹತ್ತಿರ ಬರುತ್ತಿದ್ದರು. "ಶಿವಣ್ಣ, ನಾಳಿಗಿ ಗಾಡಿ ಕೊಟ್ಟಬಿಡ್ತೀನಿ, ಒಂದ್ಸಲ ನೋಡಕೋರಿ." ಮಾಮಾ ಗಾಡಿಯ ಸುತ್ತ ತಿರುಗಿ, ಅಂಗೈ ಆಡಿಸಿ, ಪ್ರತಿ ಪೆಟ್ಟಿನ ಕಥೆ ಕೇಳುತ್ತಿದ್ದರು. ಅದಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅದಲ್ಲ. ಪಿಂಪಳಗಾಂವಿನ ಚಹಾದಂಗಡಿಯಲ್ಲಿ ಡ್ರೈವರುಗಳ ಬೆಂಚು ಎಂದೊಂದಿದೆ. ಅಲ್ಲಿ ಕ್ಲಾರ್ಕುಗಳು ಕೂರುವುದಿಲ್ಲ, ಕೂತರೆ ಸರಿದು ಜಾಗ ಕೊಡುವವರಿಲ್ಲ. ಮಾಮಾ ಬಂದರೆ ಜಾಗವಾಗುತ್ತಿತ್ತು. ಸ್ಟೀರಿಂಗ್ ಮುಟ್ಟದ ಮನುಷ್ಯನಿಗೆ ಆ ಬೆಂಚಿನಲ್ಲಿ ಅರ್ಧ ಅಡಿ ಜಾಗ, ಸಂಜೆ ವಾಪಸು ಬರುವಾಗ ಯಾರದಾದರೂ ಗಾಡಿಯಲ್ಲಿ ಡ್ರೈವರನ ಪಕ್ಕದ ಸೀಟು. ಅವರ ಬದುಕೆಲ್ಲ ಅಷ್ಟರ ಮೇಲೆಯೇ ನಿಂತಿತ್ತು.

ಆ ಸೀಟು ಬಹಳ ದಿನ ಲಾಲಸಾಬನ ಗಾಡಿಯದಾಗಿತ್ತು. ಲಾಲಸಾಬ ನಮ್ಮ ಹುಮನಾಬಾದಿನ ಕಡೆಯವನೇ, ಮಾಮಾ ಜತೆ ಒಂದೇ ಓಣಿಯಲ್ಲಿ ಬೆಳೆದವನು. ಮಾಮಾ ಮಾಡಿದ ಮೊದಲ ಗಾಡಿ ಅವನದೇ. ಅದನ್ನು ಮನೆಯಲ್ಲಿ ಟೀವಿಯ ಮೇಲೆ ಇಟ್ಟುಕೊಂಡು, ಬಂದವರಿಗೆಲ್ಲ, "ಈ ತಗ್ಗು ನೋಡ್ರಿ, ಎಮ್ಮಿ ಹಾದಿದ್ದು" ಎಂದು ತೋರಿಸುತ್ತಿದ್ದ.

ಹೋದ ವರ್ಷ ವಿಶ್ವನಾಥಪ್ಪ ಸಾವಕಾರರು ಹೊಸ ಪಿಕಪ್ ತೆಗೆದುಕೊಂಡರು. ಕಲಬುರಗಿ ಕಡೆಯ ಉಳ್ಳಾಗಡ್ಡಿ ವ್ಯಾಪಾರಿ, ಪಿಂಪಳಗಾಂವಿನಲ್ಲಿ ಅವರ ಗೋದಾಮು. ಡ್ರೈವರ್ ಯಾರನ್ನಿಡಲಿ ಎಂದು ಕೇಳಿದಾಗ ಮಾಮಾ ಲಾಲಸಾಬನ ಹೆಸರು ಹೇಳಿದರು. ಅವನೂ ಸ್ವಂತ ಗಾಡಿ ಮಾರಿ ಖಾಲಿ ಕೂತಿದ್ದ. ಖಂಡೇನವಮಿಯ ಆಯುಧಪೂಜೆಗೆ ಆ ಹೊಸ ಗಾಡಿಯದೊಂದು ಮಾಡಿಕೊಡು, ಪೂಜೆಗೆ ಇಡೋಣ ಎಂದೂ ಸಾವಕಾರರು ಹೇಳಿದರು. ಮಾಮಾಗೆ ಹಿಗ್ಗು. ಆದರೆ ಕೆಲಸಕ್ಕೆ ಕೂತ ಮೇಲೆ ಪೇಚು. ಹೊಸ ಗಾಡಿ, ಒಂದೂ ಗೀರಿಲ್ಲ. ಮಾಡಿ ಮುಗಿಸಿ ನಾಲ್ಕು ದಿನ ಅದನ್ನೇ ನೋಡುತ್ತಾ ಕೂತರು.

ಒಂದು ಬೆಳಿಗ್ಗೆ ನಾನು ಶರ್ವಾಣಿಗೆ ಹೊಸ ಫ್ರಾಕ್ ತೊಡಿಸಿ, ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುತ್ತಿದ್ದೆ. ಊಟದ ಡಬ್ಬಿ ಒಯ್ಯಲು ಬಂದ ಮಾಮಾ ಬಾಗಿಲಲ್ಲೇ ನಿಂತರು.

"ಇಷ್ಟ ಚಂದ ಕೂಸಿನ ಮಾರಿ ಯಾಕ ಕೆಡಸ್ತಿ?"

"ದೃಷ್ಟಿ ಆಗಬಾರದು ಅಂತ್ರಿ. ಒಂದು ಕಡಿ ಕೆಟ್ಟಿರಬೇಕು, ಅಂದ್ರ ಜನರ ಕಣ್ಣು ಅಲ್ಲೇ ನಿಲ್ಲತದ."

ಡಬ್ಬಿ ಬಿಟ್ಟು ಕೆಳಗೆ ಹೋದರು. ಸಂಜೆ ಕರೆದು ತೋರಿಸಿದರು. ಬೆಳ್ಳಗೆ ಹೊಳೆಯುವ ಆ ಪುಟ್ಟ ಗಾಡಿಯ ಎಡಗಡೆ ಹಿಂದಿನ ಮೂಲೆಯಲ್ಲಿ ಒಂದು ಗೀರು, ಅದರ ಕೆಳಗೆ ಬೆರಳ ತುದಿಯಷ್ಟೂ ಇಲ್ಲದ ತಗ್ಗು. ಮಾರ್ಕೆಟ್ಟಿನ ಕಟ್ಟೆಗೆ ಗಾಡಿ ಹಿಂದೆ ತಗೊಳ್ಳುವಾಗ ಎಲ್ಲ ಗಾಡಿಗೂ ಮೊದಲು ತಾಗುವ ಜಾಗ ಅದು. "ಇದರ ಬೊಟ್ಟು" ಅಂದರು. ನಿದ್ದೆಗೆ ಜಾರಿದ ಮಗುವಿನ ಹಾಗೆ ಅದನ್ನು ಅಂಗೈಯಲ್ಲಿ ಮಲಗಿಸಿಕೊಂಡಿದ್ದರು. ಒಂಟಿ ಗಂಡಸಿನ ಮುಖದಲ್ಲಿ ಅಂಥ ಮಮತೆಯನ್ನು ನಾನು ನೋಡಿರಲಿಲ್ಲ.

ಪೂಜೆಗೆ ನಾವೆಲ್ಲ ಹೋಗಿದ್ದೆವು. ಗೋದಾಮಿನ ಮುಂದೆ ಹೊಸ ಗಾಡಿಗೆ ಚೆಂಡುಹೂವಿನ ಮಾಲೆ, ಟೈರಿನ ಕೆಳಗೆ ನಿಂಬೆಹಣ್ಣು, ಗಾಡಿಯ ಮುಂದೆ ಮಣೆಯ ಮೇಲೆ ಈ ಪುಟ್ಟದು. ಸಾವಕಾರರ ತಾಯಿ ರುಕ್ಮಿಣಿಬಾಯಿ ಕುಂಕುಮ ಹಚ್ಚಲು ಬಗ್ಗಿದವರು ಹಾಗೇ ನಿಂತರು.

"ಇದೇನಪ್ಪಾ? ಪೂಜಿಗಿ ಇಟ್ಟ ಗಾಡಿಗಿ ಮೊದಲೇ ಪೆಟ್ಟು?"

"ದೃಷ್ಟಿ ಬೊಟ್ಟು ರೀ ಅವ್ವ," ಮಾಮಾ ನಗುತ್ತಾ ಹೇಳಿದರು. "ಈಗ ಬಿದ್ದದ್ದು ಇದಕ್ಕ ಬಿತ್ತು, ಆ ದೊಡ್ಡದಕ್ಕ ಬೀಳಾಂಗಿಲ್ಲ."

"ಬೊಟ್ಟು ಅಂದ್ರ ಕಾಡಿಗಿ ಹಚ್ಚತಾರಪ್ಪ, ಕೂಸಿನ ಗಲ್ಲ ಕೊಯ್ದು ಯಾರೂ ದೃಷ್ಟಿ ತೆಗಿಯೂದಿಲ್ಲ."

ಎಲ್ಲರೂ ನಕ್ಕರು. ಲಾಲಸಾಬ ಎಲ್ಲರಿಗಿಂತ ಜೋರಾಗಿ ನಕ್ಕ. "ಇರಲಿ ಬಿಡವ್ವ" ಎಂದು ಸಾವಕಾರರು ಕಾಯಿ ಒಡೆದರು. ಹೋಳಿಗೆ ಊಟ ಚೆನ್ನಾಗಿತ್ತು. ಬರುವಾಗ ಮಾಮಾ ಹೊಸ ಗಾಡಿಯಲ್ಲಿ ಲಾಲಸಾಬನ ಪಕ್ಕ ಕೂತು ಪಂಚವಟಿವರೆಗೆ ಬಂದರು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ನಮಗೆ ಕಿಟಕಿಯಿಂದ ಕೈ ಆಡಿಸಿದ್ದೇ ಆಡಿಸಿದ್ದು.

ದೀಪಾವಳಿ ಕಳೆದ ಮೇಲೆ ಸಂಭಾಜಿನಗರದ, ಅಂದರೆ ಮೊದಲಿನ ಔರಂಗಾಬಾದಿನ ಕಡೆ ಉಳ್ಳಾಗಡ್ಡಿಗೆ ರೇಟು ಏರಿತು. ಅವತ್ತು ಗಾಡಿ ಹೇರುವಾಗ ಮಾಮಾ ಅಲ್ಲೇ ಇದ್ದರು. ಹಿಂದಿನ ಟೈರು ಮಡ್‌ಗಾರ್ಡಿಗೆ ತಾಗುವಷ್ಟು ಗಾಡಿ ಕೂತಿತ್ತು. "ಲಾಲಭಾಯಿ, ಸಾಕು, ಇದು ಏಳಾಂಗಿಲ್ಲ" ಅಂದರು. ಲಾಲಸಾಬ ಸಾವಕಾರರಿಗೆ ಫೋನು ಹಚ್ಚಿದ. "ಕಟ್ಟಿ ಮ್ಯಾಲಿಂದೂ ಹಾಕಕೊಂಡು ಹೋಗು, ರೇಟು ನಾಳಿಗಿ ಇರತದೋ ಇಲ್ಲೋ" ಎಂದು ಸಾವಕಾರರು ಹೇಳಿದ್ದು ಪಕ್ಕದಲ್ಲಿ ನಿಂತ ಮಾಮಾಗೂ ಕೇಳಿಸಿತು. ಉಳಿದ ಚೀಲಗಳೂ ಏರಿದವು. ಕನ್ನಡ ಎಂಬ ಊರಿನ ಹತ್ತಿರ ಒಂದು ತಿರುವಿನಲ್ಲಿ ಹಿಂದಿನ ಟೈರು ಒಡೆದು ಗಾಡಿ ಹೊಲಕ್ಕೆ ಉರುಳಿತು. ಆ ಊರಿನ ಹೆಸರು ಮೊದಲ ಸಲ ಬಸ್ಸಿನ ಬೋರ್ಡಿನಲ್ಲಿ ಓದಿದಾಗ ತವರಿನವರು ಸಿಕ್ಕ ಹಾಗೆ ಖುಷಿಪಟ್ಟಿದ್ದೆ. ಈಗ ಆ ಬೋರ್ಡು ಕಂಡರೆ ಮುಖ ತಿರುಗಿಸುತ್ತೇನೆ.

ಲಾಲಸಾಬನ ಬಲಗಾಲು ತೊಡೆಯಿಂದ ಪಾದದವರೆಗೆ ಪುಡಿಯಾಗಿತ್ತು. ಸಂಭಾಜಿನಗರದ ಒಂದು ಖಾಸಗಿ ಆಸ್ಪತ್ರೆಗೆ ಹಾಕಿದ್ದರು. ಮಾಮಾಗೆ ದೂರದ ದಾರಿ ಒಬ್ಬರೇ ಹೋಗುವಂತಿಲ್ಲ. ಗುಳಿಗೆ, ನೀರು, ಚಪಾತಿ ಕಟ್ಟಿಕೊಂಡು, ಶರ್ವಾಣಿಯನ್ನು ಸೊಂಟಕ್ಕೆ ಏರಿಸಿಕೊಂಡು ನಾನೂ ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾಮಾ ಎದುರಿಗೆ ಬರುವ ಪಿಕಪ್‌ಗಳನ್ನು ನೋಡುತ್ತಾ ಕೂತಿದ್ದರು.

ವಾರ್ಡಿನಲ್ಲಿ ಸಾವಕಾರರಿದ್ದರು, ರುಕ್ಮಿಣಿಬಾಯಿ ಇದ್ದರು, ಪಿಂಪಳಗಾಂವಿನ ಡ್ರೈವರುಗಳು ನಾಲ್ಕೈದು ಮಂದಿ ಗೋಡೆಗೆ ಒರಗಿ ನಿಂತಿದ್ದರು. ಲಾಲಸಾಬನ ಕಾಲನ್ನು ಮೇಲಕ್ಕೆ ಕಟ್ಟಿದ್ದರು. ಮಾಮಾ ಹೋಗಿ ಅವನ ಕೈ ಹಿಡಿದರು. ರುಕ್ಮಿಣಿಬಾಯಿ ಮಾತು ಶುರುಮಾಡಿದರು.

"ನಾ ಅವತ್ತೇ ಹೇಳಿದ್ನಿಲ್ಲೋ? ಪೂಜಿ ಮಣಿ ಮ್ಯಾಲ ಪೆಟ್ಟಿಂದು ಗೊಂಬಿ ಗಾಡಿ ತಂದಿಟ್ಟ."

"ಅವ್ವ, ಲೋಡ್ ಹೆಚ್ಚಿತ್ತರಿ," ಮಾಮಾ ಮೆಲ್ಲಗೆ ಹೇಳಿದರು. "ನಾ ಅಲ್ಲೇ ಇದ್ದೆ. ಸಾವಕಾರರ..."

"ಏ ಶಿವಕಾಂತ," ಸಾವಕಾರರು ತಡೆದರು. "ಎಲ್ಲಾರೂ ಅಷ್ಟೇ ಹೇರತಾರ. ಬ್ಯಾರೇದವು ಯಾಕ ಬೀಳಲಿಲ್ಲ? ಲಾಲಸಾಬ, ನೀನೇ ಹೇಳು. ಪೆಟ್ಟು ಮೊದಲು ಎಲ್ಲಿ ಬಿತ್ತು?"

ಲಾಲಸಾಬ ಮೇಲಿನ ಫ್ಯಾನು ನೋಡುತ್ತಿದ್ದ. "ಎಡಗಡಿ ಹಿಂದಿನ ಮೂಲಿ ರೀ ಸಾವಕಾರ."

"ಲೋಡ್ ಹ್ಯಾಂಗಿತ್ತು?"

ಮರುದಿನ ಅವನ ಕಾಲಿಗೆ ಎರಡನೆಯ ಆಪರೇಶನ್ ಇತ್ತು. ಅದರ ಖರ್ಚು ಸಾವಕಾರರ ಕೈಯಲ್ಲಿತ್ತು. ಅಲ್ಲಿ ನಿಂತ ಪ್ರತಿಯೊಬ್ಬರಿಗೂ ಅದು ಗೊತ್ತಿತ್ತು. ಲಾಲಸಾಬ ಮಾಮಾರ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಹೊದಿಕೆಯ ಅಂಚು ಸರಿಮಾಡಿದ.

"ಬರೋಬರ್ ಇತ್ತರಿ."

ನನಗೆ ತಡೆಯಲಾಗಲಿಲ್ಲ. "ಮಗುಚಿ ಬಿದ್ದ ಗಾಡಿ ಅಲ್ರಿ? ಬಲಗಡಿ ಮೂಲಿ ಏನು ಹಾಂಗೇ ಉಳದದೇನು?" ಎಂದು ಕೇಳಿದೆ. ಒಬ್ಬ ಡ್ರೈವರ್ ಶರ್ವಾಣಿಯ ಕೆನ್ನೆ ಹಿಂಡಿ, "ಕಾಯ್ ಗ, ಖಾವೂ ಪಾಹಿಜೆ?" ಎಂದು ಮರಾಠಿಯಲ್ಲಿ ತಿಂಡಿಯ ಆಸೆ ತೋರಿಸಿ ಮಾತು ತಿರುಗಿಸಿದ. ಮಾಮಾ ನನ್ನ ಭುಜ ಮುಟ್ಟಿ, "ಬಾ ನೀರೂ, ಬಸ್ಸು ತಪ್ಪತದ" ಅಂದರು.

ಬಸ್ ಸ್ಟ್ಯಾಂಡಿನಲ್ಲಿ ಅವರ ಮೇಲೆಯೇ ರೇಗಿದೆ. "ನೀವು ಯಾಕ ಬಾಯಿ ಮುಚ್ಚಕೊಂಡು ಬಂದ್ರಿ? ಫೋನಿನ್ಯಾಗ ಹೇಳಿದ್ದು ನಿಮಗ ಕೇಳಸಿತ್ತಲ್ಲ!"

"ಹೇಳಿದ್ರ ಸಾವಕಾರ ಖರ್ಚಿನಿಂದ ಕೈ ತಗೀತಾನ. ಅವನ ಕಾಲು ಉಳೀಲಿ. ಗೊಂಬಿ ಗಾಡೀದೇನದ, ತಪ್ಪು ಹೊರತದ."

ಗೊಂಬೆ ಗಾಡಿ ಹೊರುತ್ತದೆ ಎಂದು ಅವರು ತಿಳಿದಿದ್ದರು. ಹೊತ್ತವರು ಅವರು. ಯೋಚಿಸಿದರೆ ಆ ಏರ್ಪಾಡು ಎಲ್ಲರಿಗೂ ಎಷ್ಟು ಸಲೀಸಾಗಿತ್ತು ಎಂದು ಈಗ ತಿಳಿಯುತ್ತದೆ. ಸಾವಕಾರರು ತಪ್ಪಿಸಿಕೊಂಡರು. ಲಾಲಸಾಬನಿಗೆ ಆಪರೇಶನ್ ಆಯಿತು. ಡ್ರೈವರುಗಳಿಗೂ ಸಮಾಧಾನ, ಏಕೆಂದರೆ ತಪ್ಪು ಲೋಡಿನದು ಎಂದರೆ ನಾಳೆ ಅವರೂ ಅಂಥದೇ ಗಾಡಿ ಹತ್ತಬೇಕು. ಗೊಂಬೆಯದು ಎಂದರೆ ಮಾಮಾರಿಂದ ದೂರ ಇದ್ದರೆ ಸಾಕು.

ದೂರ ಇದ್ದರು ಕೂಡ. ಮೊದಮೊದಲು ಚೇಷ್ಟೆಯ ಹಾಗಿತ್ತು. "ಶಿವಣ್ಣ, ನಮ್ಮ ಭಾವನ ಗಾಡೀದೊಂದು ಮಾಡಿ ಕೊಡ್ರಲಾ, ಬಂಪರ್ ಮುರದಿದ್ದು, ಬಾಳ ಮೆರೀತಾನ ಸೂಳೇಮಗ" ಎಂದು ಒಬ್ಬ ಅಂದರೆ ಉಳಿದವರು ಚಹಾ ಚೆಲ್ಲುವಂತೆ ನಗುವುದು. ಆಮೇಲೆ ಅವರು ಪಾಳಿಯಲ್ಲಿ ನಡೆದು ಬಂದರೆ ಗಾಡಿಯ ಮುಂದೆ ನಿಂತು, "ಇಲ್ಲೇ ನಿಂತು ಕೂಗ್ರಿ ಶಿವಣ್ಣ, ಹಂತ್ಯಾಕ ಬರಬ್ಯಾಡ್ರಿ" ಅನ್ನತೊಡಗಿದರು. ಅವರ ಖುರ್ಚಿಯ ಮೇಲೆ ಯಾರೋ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟಿದರು. ಬೆಂಚಿನಲ್ಲಿ ಯಾರೂ ಸರಿಯಲಿಲ್ಲ. ಒಂದು ಮುಂಜಾನೆ ನಾನು ಹಾಲು ತರಲು ಇಳಿದಾಗ ನಮ್ಮ ಗೇಟಿಗೆ ಒಂದು ಉಳ್ಳಾಗಡ್ಡಿ ಚೀಲ ನೇತಾಡುತ್ತಿತ್ತು. ಒಳಗೆ ಮಾಮಾ ಮಾಡಿಕೊಟ್ಟ ಗಾಡಿಗಳು, ಒಂದರ ಮೇಲೊಂದು ತುಂಬಿದ್ದರಿಂದ ಗೊಂಡೆ ಹರಿದು, ಕನ್ನಡಿ ಕಿತ್ತು. ಎಮ್ಮೆ ಹಾದಿದ್ದೂ ಅದರಲ್ಲಿತ್ತು. ಪೂಜೆಗೆ ಇಟ್ಟಿದ್ದು ಮಾತ್ರ ಇರಲಿಲ್ಲ, ಅದು ಏನಾಯಿತೋ ಗೊತ್ತಿಲ್ಲ.

ನಮ್ಮ ಮನೆಯವರು ಓದಿದವರು. ಅವರೂ ಒಂದು ಸಂಜೆ, "ನಾನು ಇದನ್ನೆಲ್ಲ ನಂಬೂದಿಲ್ಲ ನೀರಜಾ, ಆದ್ರೂ ಶರ್ವಾಣಿಗಿ ಮಾಮಾ ಆಡಲಿಕ್ಕ ಮಾಡಿಕೊಟ್ಟ ಆ ಗಾಡಿ ಕೆಳಗ ಇಟ್ಟ ಬಾ. ಯಾಕ ಬೇಕು?" ಅಂದರು. "ನಂಬದಿದ್ದವರಿಗಿ ಅದು ಏನು ಮಾಡತದ?" ಎಂದು ಕೇಳಿ, ಗಾಡಿಯನ್ನು ಅವರ ಮುಂದೆಯೇ ಮಗಳ ಕೈಗೆ ಕೊಟ್ಟೆ. ಅವತ್ತು ಅವರು ತಾವೇ ಬಡಿಸಿಕೊಂಡು ಉಂಡರು.

ಮಾಮಾ ಆ ಚೀಲದ ಗಾಡಿಗಳನ್ನೆಲ್ಲ ಮೇಜಿನ ಮೇಲೆ ಇಳಿಸಿ ದುರಸ್ತಿ ಶುರುಮಾಡಿದರು. ಮುರಿದ ಕನ್ನಡಿ ಕೂರಿಸುತ್ತಾರೆ ಎಂದುಕೊಂಡೆ. ಹೋಗಿ ನೋಡಿದರೆ ತಗ್ಗುಗಳಿಗೆ ಬಣ್ಣದವರು ಮೆತ್ತುವ ಲಪ್ಪ ತುಂಬಿ, ಒಣಗಿಸಿ, ಉಪ್ಪುಕಾಗದದಿಂದ ತಿಕ್ಕುತ್ತಿದ್ದಾರೆ. ಒಂದೊಂದೇ ಪೆಟ್ಟು ಹೋಯಿತು. ತುಕ್ಕು ಹೋಯಿತು. ಎಮ್ಮೆ ಹಾದ ತಗ್ಗೂ ಹೋಯಿತು. ಎಲ್ಲದಕ್ಕೂ ಬಿಳಿ ಬಣ್ಣ. ಸಾಲಾಗಿ ಒಣಗಲು ಇಟ್ಟಾಗ ಯಾವುದು ಯಾರದು ಎಂದು ನನಗೆ ತಿಳಿಯಲಿಲ್ಲ.

ಈ ಬೇಸಿಗೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಲಾಲಸಾಬ ಬಂದ. ಕೋಲು ಊರಿಕೊಂಡು, ಬಲಗಾಲು ಎಳೆಯುತ್ತಾ. ಆ ಕಾಲಿನಲ್ಲಿ ಬ್ರೇಕು ಒತ್ತಲಾಗುವುದಿಲ್ಲ. ಈಗ ಸಾವಕಾರರ ಗೋದಾಮಿನಲ್ಲೇ ಕಾವಲು. ನಾನು ಚಹಾ ಒಯ್ದಾಗ ಮಾಮಾ ಅವನಿಗೆ ಮಂಚದ ಮೇಲೆ ದಿಂಬು ಕೊಟ್ಟು ಕೂರಿಸಿದ್ದರು.

"ಶಿವಣ್ಣ, ಅವತ್ತು ದವಾಖಾನಿಯಾಗ..."

"ಚಹಾ ಆರತದ, ಕುಡೀರಿ ಲಾಲಭಾಯಿ."

ಅವನು ಕುಡಿದ. ಕಪ್ಪು ಕೆಳಗಿಟ್ಟು, "ಆ ಗಾಡಿ ಗುಜರಿಗಿ ಹಾಕಿದ್ರು" ಅಂದ. "ನಾ ಹೊಡದದ್ದು ಅದೇ ಕಡೀದು. ಅದರದೊಂದು ಮಾಡಿ ಕೊಡ್ರಿ. ಮನ್ಯಾಗ ಇಟ್ಟಕೋತೀನಿ."

ಮಾಮಾರ ಮುಖ ಅರಳಿದ್ದನ್ನು ಎಷ್ಟೋ ತಿಂಗಳ ಮೇಲೆ ನೋಡಿದೆ. ಅವತ್ತೇ ಹಾಳೆ ಕೊಯ್ಯಲು ಕೂತರು. ಶರ್ವಾಣಿಗೆ ಮತ್ತೆ ಡಬ್ಬಿಯಿಂದ ಒಳ್ಳೆ ಲೈಟು ಆರಿಸುವ ಕೆಲಸ ಸಿಕ್ಕಿತು. ಈ ಸಲ ಬೊಟ್ಟು ಗಿಟ್ಟು ಏನೂ ಬೇಡ ಎಂದು ನಾನು ಹೇಳುವ ಮೊದಲೇ, "ಹೊಸಾದೇ ಮಾಡ್ತೀನವ್ವ, ಅವನು ಕೀಲಿ ಕೈಗೆ ತಗೊಂಡಾಗ ಹ್ಯಾಂಗಿತ್ತೋ ಹಾಂಗ" ಅಂದರು. ಹಿಂಬದಿಯ ಹಲಗೆಯ ಒಳಗಡೆ, ಎತ್ತಿ ನೋಡಿದರೆ ಮಾತ್ರ ಕಾಣುವ ಹಾಗೆ, ಲಾಲಸಾಬನ ಹೆಸರು ಬರೆದರು.

ಅವನು ಒಯ್ಯಲು ಬಂದ ದಿನ ನಾನು, ಶರ್ವಾಣಿ ಇಬ್ಬರೂ ಕೆಳಗಿದ್ದೆವು. ಮಾಮಾ ಎರಡೂ ಕೈಯಲ್ಲಿ ಗಾಡಿ ಹಿಡಿದು ಕೊಟ್ಟರು. ಲಾಲಸಾಬ ಕೋಲನ್ನು ಗೋಡೆಗೆ ಒರಗಿಸಿ, ಗಾಡಿಯನ್ನು ಬೆಳಕಿಗೆ ಹಿಡಿದ. "ವಾ ಶಿವಣ್ಣ" ಅಂದ. ಮುಂದಿನ ಜಾಲರಿ ನೋಡಲಿಲ್ಲ, ಹಲಗೆ ಎತ್ತಲಿಲ್ಲ. ಗಾಡಿಯನ್ನು ತಿರುಗಿಸಿ, ಎಡಗಡೆ ಹಿಂದಿನ ಮೂಲೆಯ ಮೇಲೆ ಹೆಬ್ಬೆರಳಿಟ್ಟು ಮೇಲಿನಿಂದ ಕೆಳಗೆ ಸವರಿದ. ಮತ್ತೊಮ್ಮೆ, ಉಗುರಿನಿಂದ. ತಾನೇ ಹೇಳಿದ ಸುಳ್ಳನ್ನು ಅವನು ಹುಡುಕುತ್ತಿದ್ದ. ಅವನಿಗೆ ಅದು ಈಗ ಸುಳ್ಳಾಗಿ ಉಳಿದೇ ಇರಲಿಲ್ಲ.

ಮಾಮಾ ಅವನ ಹೆಬ್ಬೆರಳನ್ನೇ ನೋಡುತ್ತಿದ್ದರು.

"ಏನಿಲ್ಲ ಲಾಲಭಾಯಿ," ಅಂದರು. "ಬರೋಬರ್ ಅದ."

ಅವನು ತಲೆ ಎತ್ತಲಿಲ್ಲ. ಗಾಡಿಯನ್ನು ಟವೆಲಿನಲ್ಲಿ ಸುತ್ತಿ ಬಗಲಿಗೆ ಇಟ್ಟುಕೊಂಡು, ಕೋಲು ತೆಗೆದುಕೊಂಡು ಹೋದ. ಮಾಮಾ ಗೇಟಿನವರೆಗೆ ಹೋಗಿ ಆಟೋ ನಿಲ್ಲಿಸಿ ಹತ್ತಿಸಿ ಬಂದರು. ಬಂದು ಮೇಜಿನ ಮೇಲಿನ ಹಾಳೆಯ ಚೂರು, ಅಂಟು, ಕತ್ತರಿ ಎಲ್ಲ ಒಂದು ಕಡೆ ಸರಿಸಿದರು. ಊಟದ ಹೊತ್ತು ದಾಟಿತ್ತು. ನಾನು ಗುಳಿಗೆ ನೆನಪಿಸಿದೆ. ಪಟ್ಟಿಯ ಕೊನೆಯ ಗುಳಿಗೆ ಒತ್ತಿ ತೆಗೆದು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಖಾಲಿ ಪಟ್ಟಿಯನ್ನು ಕಸದ ಬುಟ್ಟಿಗೆ ಎಸೆದರು.

"ಆಜೋಬಾ, ಲೈಟ್!" ಶರ್ವಾಣಿ ಕೈಚಾಚಿಕೊಂಡೇ ನಿಂತಿದ್ದಳು.